ಮಳಿಗೆ ಪಗಾರ ಯಾವಾಗ ಕೊಡ್ತೀರಿ, ಸಾಹೇಬ್ರ?

ಧೂಳಿನ ಖಾತೆ ಯಾರ ಟೇಬಲ್ ಮ್ಯಾಲೆ ಐತೋ ಆ ಸಾಹೇಬ್ರಿಗೆ, ಹುಬ್ಬಳ್ಳಿಯಿಂದ ಸಾಷ್ಟಾಂಗ ನಮಸ್ಕಾರ.

ನಿನ್ನೆ ನಿಮ್ಮ ಕಚೇರಿಗೆ ಬಂದಿದ್ದೆ. ದೀಪಾವಳಿ ಮುಂದ ಪೈಪ್ ಹಾಕಾಕ ಅಂತ ನಮ್ಮ ಓಣ್ಯಾಗ ಅಗದ ಮಣ್ಣು, ಸಂಕ್ರಾಂತಿ ದಾಟಿದ್ರೂ ರಸ್ತೆದಾಗ ಗುಡ್ಡಿ ಬಿದ್ದೈತಿ, ಎತ್ತಸ್ರಿ ಅಂತ ಅರ್ಜಿ ಹಿಡಕೊಂಡು ಬಂದಿದ್ದೆ. ಮೊದಲನೇ ಟೇಬಲ್‌ನವರು 'ಅದು ನೀರಿನವರು ಅಗದದ್ದು' ಅಂದ್ರು. ಬಾಜೂದವರು ಕೇಬಲ್‌ನವರ ಮ್ಯಾಲೆ ಹಾಕಿದ್ರು. ಊಟಕ್ಕ ಹೋದವರು ತಿರುಗಿ ಬರೂತನಕ ಬಾಕಿನ ಮ್ಯಾಲೆ ಕುಂತಿದ್ದಕ್ಕ ಒಬ್ರು ದೊಡ್ಡವರು ಸಿಕ್ರು. ಅರ್ಜಿ ಬಿಚ್ಚಿ ನೋಡಲಿಲ್ಲ. 'ಥಂಡಿಗಾಲದಾಗ ಹವಾ ಹಂಗ ಇರತೈತಿ ರೀ. ಮಳಿ ಆದ್ರ ಎಲ್ಲಾ ಸರಿ ಹೋಗತೈತಿ' ಅಂದ್ರು.

ಸಾಹೇಬ್ರ, ಅವರು ಸುಳ್ಳು ಹೇಳಲಿಲ್ಲ. ಅದಕ್ಕ ಸಿಟ್ಟು ಬಂದದ್ದು.

ನಮ್ಮ ಅವಳಿ ಊರು ಕುಂತ ಜಾಗಾನ ಹಂಗೈತಿ. ಧಾರವಾಡ ಮಲೆನಾಡಿನ ಸೆರಗಿನಾಗ, ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಾಗ ಐತಿ. ಅಲ್ಲಿಂದ 20 ಕಿಲೋಮೀಟರ್ ಇಳದು ಬಂದ್ರ ಹುಬ್ಬಳ್ಳಿ, ಎರಿ ಹೊಲದ ಬಾಯಾಗ. ಜೂನ್‌ದಿಂದ ಸೆಪ್ಟೆಂಬರ್‌ತನಕ ಗಾಳಿ ಪಡುವಣದಿಂದ ಸಮುದ್ರ, ಘಟ್ಟ, ಕಾಡು ದಾಟಿ ಹಸಿಯಾಗಿ ಬರತೈತಿ. ದೀಪಾವಳಿ ಮುಗಿದದ್ದ ತಡ ಮಗ್ಗಲು ಬದಲಿಸಿ, ನವಲಗುಂದ, ಅಣ್ಣಿಗೇರಿ ಕಡೆ ಹೊಲ ದಾಟಕೋತ ಮೂಡಣದಿಂದ ಒಣಾ ಗಾಳಿ ಬೀಸತೈತಿ. ರಾತ್ರಿ ನೆಲ ಲಗೂನ ತಣ್ಣಗಾಗಿ, ತಣ್ಣನ ಹವಾ ಕೆಳಗ, ಬೆಚ್ಚನ ಹವಾ ಅದರ ಮ್ಯಾಲೆ. ಲಾರಿ ಹೊಗಿ, ಕಸ ಸುಟ್ಟ ಹೊಗಿ, ಮಣ್ಣು ಎಲ್ಲಾ ಮ್ಯಾಲೇರಲಾರದ, ಬಿಸಲು ಬಲೀಯೂತನಕ ನಮ್ಮ ಮೂಗಿನ ಎತ್ತರದಾಗ ನಿಂತಿರತೈತಿ. ಮುಂಜಾನೆ ನೃಪತುಂಗ ಬೆಟ್ಟ ಹತ್ತಿ ನೋಡ್ರಿ, ಮಂಜು ಅಂತ ಫೋಟೊ ಹೊಡಿಯೂವರು ಸಿಗತಾರ. ಅದರಾಗ ನಮ್ಮ ಓಣಿ ಮಣ್ಣಿನ ಪಾಲೂ ಐತಿ.

ಇಷ್ಟು ಭೂಗೋಳ ನನಗೂ ಗೊತ್ತೈತಿ. ಆದ್ರ ನಮ್ಮ ಬಾಗಲ ಮುಂದಿನ ಗುಡ್ಡಿ ನವಲಗುಂದದಿಂದ ಹಾರಿ ಬಂದದ್ದಲ್ಲ, ಜೆಸಿಬಿ ಅಗದು ಬಿಟ್ಟು ಹೋದದ್ದು. ಥಂಡಿ ಅದನ್ನ ಹಿಡದು ನಿಲ್ಲಸತೈತಿ, ಹಡಿಯೂದಿಲ್ಲ.

2019ರಾಗ ಕೇಂದ್ರದವರು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ತಂದಾಗ, ಕರ್ನಾಟಕದಾಗ ನಪಾಸಾದ ನಾಕು ಊರಾಗ ನಾವೂ ಇದ್ವಿ. ಬೆಂಗಳೂರು, ದಾವಣಗೆರೆ, ಕಲಬುರಗಿ ಜೋಡಿ ಹಿಂದಿನ ಬೆಂಚಿನ ಮ್ಯಾಲೆ. 2024ರೊಳಗ ಧೂಳಿನ ಕಣ ಶೇ 20ರಿಂದ 30 ಇಳಸೂದು ಅಂತಿತ್ತು. ಆಮ್ಯಾಲೆ 2025-26ರೊಳಗ ಶೇ 40 ಅಂತ ಆತು. ಗುರಿ ಏರಿತು. ನಮ್ಮ ಓಣಿ ಗುಡ್ಡಿ ಅದರ ಪಾಡಿಗೆ ಐತಿ.

10 ಮೈಕ್ರಾನ್‌ಗಿಂತ ಸಣ್ಣ ಕಣ ವರ್ಷದ ಸರಾಸರಿದಾಗ ಘನ ಮೀಟರಿಗೆ 60 ಮೈಕ್ರೊಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ ಕೇಳಿದ್ರ 15 ಅಂತೈತಿ, ಅದನ್ನ ಬಿಡ್ರಿ. ಗಮ್ಮತ್ತು ಇರೂದು ಸರಾಸರಿದಾಗ. ಜನವರಿದಾಗ ನಾವು ನುಂಗಿದ್ದನ್ನ ಜುಲೈದಾಗ ಮಳಿರಾಯ ಬಂದು ತೊಳದು, ವರ್ಷದ ಲೆಕ್ಕ ಚಂದ ಮಾಡಿ ಕೊಡತಾನ. ನಿಮ್ಮ ಖಾತೆದಾಗ ರಜಾ ಚೀಟಿ ಬರಿಯದ ದುಡಿಯೂ ನೌಕರ ಅವನೊಬ್ಬನ. ಪಗಾರ ಎಷ್ಟು ಕೊಡ್ತೀರಿ? ಪಿಂಚಣಿ ಐತೇನು? ಮ್ಯಾಲಿನ ಮನಿಯಾಂವ ಅಂತ ಹಬ್ಬಕ್ಕ ಬೋನಸ್ಸರ?

ಆದ್ರ ಆ ನೌಕರನೂ ಮಣ್ಣು ಎತ್ತೂದಿಲ್ಲ, ಸಾಹೇಬ್ರ. ಹವಾ ತೊಳದು ಹೋಗತಾನ, ಗುಡ್ಡಿ ರಾಡಿ ಮಾಡಿ ಇಟ್ಟು ಹೋಗತಾನ. ದಸರಾ ಕಳದ ಮ್ಯಾಲೆ ಅದ ರಾಡಿ ಒಣಗಿ, ಗಾಡಿ ಗಾಲಿಗೆ ಸಿಕ್ಕು ಹಿಟ್ಟಾಗಿ, ತಿರುಗಿ ಹವಾ ಸೇರತೈತಿ. ಮಣ್ಣು ಎತ್ತಾಕ ಟ್ರ್ಯಾಕ್ಟರ್ ಬೇಕು. ಸಲಿಕಿ ಬೇಕು. ಒಂದು ಮುಂಜಾನೆ ಕೆಲಸ. ಅಷ್ಟೂ ಆಗಂಗಿಲ್ಲ ಅಂದ್ರ ನಿಮಗ್ಯಾಕ ಪಗಾರ?

ಓಣಿ ಮೂಲ್ಯಾಗ ಗಿರ್ಮಿಟ್ ಮಾರೂ ಅಕ್ಕ, ಸೇವು ಉದುರಸೂಕಿಂತ ಮೊದಲ ಮಣ್ಣು ಬೀಳತೈತಿ ಅಂತ ಲಾರಿ ಬಂದಾಗೊಮ್ಮೆ ಪರಾತಕ್ಕ ಸೆರಗು ಮುಚ್ಚತಾಳ. ಎದುರು ಮನಿ ಅಜ್ಜಾರಿಗೆ ದಮ್ಮು. ಐವತ್ತು ವರ್ಷ ಕುಂತ ಕಟ್ಟಿ ಬಿಟ್ಟು, ಕಿಡಕಿ ಹಾಕ್ಕೊಂಡು ಒಳಗ ಕುಂತಾರ. ಅವರಿಗೆ ಹೋಗಿ ಹೇಳ್ರಿ, ಹವಾ ಹಂಗ ಇರತೈತಿ ಅಂತ.

ಮಂತ್ರಿಗಳು ಬರೂ ದಿನ ರಸ್ತೆಗೆ ನೀರು ಹೊಡಿಯೂ ಟ್ಯಾಂಕರ್ ಎಲ್ಲಿಂದಲೋ ಹುಟ್ಟತೈತಿ. ಅದನ್ನ ಸಾಲಿ ಹುಡುಗರು ಹೋಗೂ ಹೊತ್ತಿಗೆ ಒಮ್ಮೆ ಈ ಕಡೆ ಹೊಳ್ಳಸ್ರಿ. ರಸ್ತೆ ಅಗದಲ್ಲಿ ಒಂದು ಫಳಿ ನೆಡ್ರಿ: ಯಾರು ಅಗದ್ರು, ಯಾವತ್ತು ಮುಚ್ಚತಾರ, ಫೋನ್ ನಂಬರ್ ಏನು. ಇದಾವುದೂ ಆಗಂಗಿಲ್ಲ ಅಂದ್ರ, ನನ್ನ ಅರ್ಜಿನ ಮಳಿರಾಯನ ಹೆಸರಿಗೆ ವರ್ಗ ಮಾಡಿ, ಇನ್‌ವರ್ಡ್ ನಂಬರ್ ಹಾಕಿ ವಾಪಸ್ ಕೊಡ್ರಿ. ಜೂನ್‌ದಾಗ ಬಂದ್ರ ನಾನ ಕೈಯಾಗ ಕೊಟ್ಟು ಸಹಿ ತಗೋತೀನಿ.

ಕೆಮ್ಮಕೋತ,
ವಿದ್ಯಾನಗರದ ಒಬ್ಬ ಕರ ಕಟ್ಟೂವ