ಸಾಲಸಂಚಾರ ಮೀಮಾಂಸೆ

ಸಾಲ ತೀರಿಸಿ ದುಡ್ಡು ಕೂಡಿಡುವ ಬಗೆಯನ್ನು ಪೂರ್ವಾಚಾರ್ಯರು, ಅರ್ಥಾತ್ ಯೂಟ್ಯೂಬಿನವರು, ಆಗಲೇ ಹೇಳಿ ಮುಗಿಸಿದ್ದಾರೆ: ಸಂಬಳ ಬಂದ ದಿನವೇ ಉಳಿಸು, ಮಿಕ್ಕಿದ್ದನ್ನು ಖರ್ಚು ಮಾಡು. ಸಂಬಳ ಬರುವ ದಿನವೊಂದು ಗುಂಡ್ಲುಪೇಟೆ ಸೀಮೆಯ ಹೊಲಗಳಲ್ಲಿ ಕಂಡುಬಾರದ ಕಾರಣ ಈ ಸೂತ್ರವನ್ನು ಪ್ರಕ್ಷಿಪ್ತವೆಂದು ಕೈಬಿಡಲಾಗಿದೆ.

ಪೂರ್ವಪಕ್ಷ. ಮುಖ್ಯಮಂತ್ರಿ ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂಬ ನಂಬಿಕೆ ಬಹುಕಾಲ ಇತ್ತಷ್ಟೆ. ಹಣವೂ ಅದೇ ಭಯಕ್ಕೆ ಇತ್ತ ಸುಳಿಯುವುದಿಲ್ಲವೆಂದು ಕೆಲವರ ವಾದ. ನಿಲ್ಲದ ವಾದ. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದೂ 2013ರಿಂದ 2018ರವರೆಗೆ ಪೂರ್ಣಾವಧಿ ಆಳಿದರು. ಹಣವೂ ಬರುತ್ತದೆ, ಕೂರುವುದಿಲ್ಲ. ಮಳೆಗಾಲದಲ್ಲಿ ಊಟಿ ರಸ್ತೆ, ಕೇರಳ ರಸ್ತೆಗಳ ಇಕ್ಕೆಲದಲ್ಲೂ ಚೆಂಡುಹೂ. ಬಣ್ಣ ತೆಗೆಯುವ ಕಾರ್ಖಾನೆಗೆ ಒಂದು ಪಾಲು, ಓಣಂ ವ್ಯಾಪಾರಿಗೆ ಒಂದು ಪಾಲು. ಕಾರು ನಿಲ್ಲಿಸಿ ಹೊಲಕ್ಕಿಳಿದು ಸೆಲ್ಫಿ ತೆಗೆದುಕೊಳ್ಳುವವರಿಗೆ ಕೆಲವೆಡೆ ತಲೆಗಿಷ್ಟೆಂದು ದರ. ಗೊಬ್ಬರ ಬೇಡದ, ರೋಗ ತಗಲದ, ಎಷ್ಟು ಕೊಯ್ದರೂ ಮುಗಿಯದ ಈ ಸೆಲ್ಫಿ ಬೆಳೆಯನ್ನು ಕೃಷಿ ವಿಶ್ವವಿದ್ಯಾಲಯಗಳು ಇನ್ನೂ ಪಠ್ಯಕ್ಕೆ ಸೇರಿಸದಿರುವುದು ಶೋಚನೀಯ.

ಸಿದ್ಧಾಂತ. ಸಾಲಕ್ಕೆ ಸಾವಿಲ್ಲ, ಮನೆ ಬದಲಾಯಿಸುತ್ತದೆ, ಅಷ್ಟೆ. ಅರಿಶಿನ ನೆಲದೊಳಗೆ ಎಂಟೊಂಬತ್ತು ತಿಂಗಳು ಬಲಿಯುತ್ತದೆ, ಮೈಕ್ರೋಫೈನಾನ್ಸ್ ಕಂಪನಿಯ ಸಂಘದ ಕಂತು ವಾರಕ್ಕೊಮ್ಮೆ. ಎರಡು ಪಂಚಾಂಗಗಳೂ ಎಲ್ಲಿಯೂ ಕೂಡಿ ಬರುವುದಿಲ್ಲ. ನಡುವಿನ ವಾರಗಳಿಗೆ ಎರಡನೇ ಸಂಘ, ಅದರ ಕಂತಿಗೆ ಮೂರನೆಯದು, ಮೂರನೆಯದಕ್ಕೆ ಓಲೆ ಅಡವು.

ಪ್ರಯೋಗವನ್ನು ಜಗುಲಿಯ ಮೇಲೆ ನೋಡಬಹುದು. ಹೆಂಗಸರು ಸಾಲಾಗಿ ಕೂತಿದ್ದಾರೆ, ವಸೂಲಿಯ ಹುಡುಗ ಬೈಕಿಗೆ ಒರಗಿ ಮೊಬೈಲು ತೀಡುತ್ತಿದ್ದಾನೆ. ಒಬ್ಬಾಕೆಯದು ಇನ್ನೂರು ಕಡಿಮೆ. ಗುಂಪೇ ಜಾಮೀನು, ಆಕೆ ಕಟ್ಟದಿದ್ದರೆ ಯಾರೂ ಏಳುವಂತಿಲ್ಲ.

"ಅಕ್ಕ, ಈ ವಾರ ನೀನೇ ಆಕ್ಬುಡು, ಬರೋ ವಾರ ಕೊಡ್ತೀನಿ ಕನಕ್ಕ."

"ಓದ್ ವಾರದ್ದೇ ಬಂದಿಲ್ವಲ್ಲವ್ವ!"

ಅಂದರೂ ಅಕ್ಕ ಸೆರಗಿನ ಗಂಟು ಬಿಚ್ಚುತ್ತಾಳೆ. ಕಂಪನಿಯ ಸಾಲ ಕೈಸಾಲವಾಯಿತು. ತೂಕದಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ.

ಅಪವಾದ. 2025ರ ಜನವರಿಯಲ್ಲಿ ಚಾಮರಾಜನಗರ ತಾಲ್ಲೂಕಿನ ಕೆಲ ಊರುಗಳಲ್ಲಿ ಸಾಲ ಅಲ್ಲೇ ಉಳಿದು, ಸಾಲಗಾರರೇ ಬಾಗಿಲಿಗೆ ಬೀಗ ಜಡಿದು ಮನೆ ಬದಲಾಯಿಸಿದರು. ಸಿದ್ಧಾಂತ ತಲೆಕೆಳಗಾದದ್ದು ಹೀಗೆ. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು: ವಸೂಲಿಗೆಂದು ಪೀಡಿಸಿದರೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಅರಿಶಿನವನ್ನು ವಾರಕ್ಕೊಮ್ಮೆ ಬಲಿಸುವ ಕಲಮು ಅದರಲ್ಲಿಲ್ಲ.

ಉಳಿತಾಯ ಪ್ರಕರಣ. 2023ರ ಆಗಸ್ಟ್‌ನಿಂದ ಬರುತ್ತಿರುವ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ನೋಟಾಗಿಯೇ ಇಟ್ಟರೆ ಕಂತು ಮೂಸಿಕೊಂಡು ಬರುತ್ತದೆ. ಆದ್ದರಿಂದ ಬಲ್ಲವರು ಮೂರು ನಾಲ್ಕು ತಿಂಗಳದ್ದು ಸೇರಿಸಿ ಆಡಿನ ಮರಿ ತರುತ್ತಾರೆ. ಒಂದು ಕಾಲು ಮಾರಿ ಈ ವಾರದ ಕಂತು ಕಟ್ಟುವಂತಿಲ್ಲವಾದ್ದರಿಂದ ಬ್ಯಾಂಕಿನ ನಿಶ್ಚಿತ ಠೇವಣಿಗಿಂತ ಇದು ಹೆಚ್ಚು ನಿಶ್ಚಿತ. ಅಪಾಯಗಳು ಎರಡು. ಬಂಡೀಪುರದ ಅಂಚಿನ ಊರುಗಳಲ್ಲಿ ಚಿರತೆ. ಅದು ತಿಂದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಇನ್ನೊಂದು ಮಾರಿಹಬ್ಬಕ್ಕೆ ಬರುವ ಬೀಗರು. ಅವರು ತಿಂದದ್ದಕ್ಕೆ ಯಾವ ಇಲಾಖೆಯಲ್ಲೂ ಅರ್ಜಿ ನಮೂನೆಯಿಲ್ಲ.