ಸ್ಟ್ಯಾಂಡಿಲ್ಲದ ಸೈಕಲ್ಲಿನ ಸವಾರ

ಬೆಂಗಳೂರಿನ ಉತ್ತರಕ್ಕೆ ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದವರೆಗೆ ಹಬ್ಬಿರುವ ದ್ರಾಕ್ಷಿ ಚಪ್ಪರಗಳ, ಹಿಪ್ಪುನೇರಳೆ ತೋಟಗಳ ಮತ್ತು ರಾಗಿ ಹೊಲಗಳ ಸೀಮೆಯಲ್ಲಿ, ಭಾನುವಾರ ಬೆಳಗಿನ ಜಾವ ಕಾಣಿಸಿಕೊಂಡು ಹೊತ್ತು ನೆತ್ತಿಗೇರುವ ಮೊದಲೇ ಮರೆಯಾಗುವ ಮಾನವ ವರ್ಗವೊಂದಿದೆ. ಈ ವರ್ಗದ ಪ್ರತಿನಿಧಿಯು ವಯಸ್ಸಿನಲ್ಲಿ ನಲವತ್ತರ ಆಚೀಚಿನವನು. ವೃತ್ತಿಯಲ್ಲಿ ಸಾಮಾನ್ಯವಾಗಿ ಸಾಫ್ಟ್‌ವೇರ್ ಮ್ಯಾನೇಜರು. ವಾರದ ಐದು ದಿನ ಎರಡನೆಯ ಮಹಡಿಗೂ ಲಿಫ್ಟನ್ನೇ ನಂಬಿದ ಈತ, ಆರನೆಯ ದಿನ ಬೇಗ ಮಲಗಿ, ಏಳನೆಯ ದಿನ ನಾಲ್ಕೂವರೆಗೆಲ್ಲ ಎದ್ದು, ಮೈಗಂಟುವ ಬಣ್ಣಬಣ್ಣದ ಉಡುಪು ತೊಟ್ಟು, ಸುಮಾರು ಅರವತ್ತು ಕಿಲೋಮೀಟರ್ ದೂರದ, 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಸ್ವಂತ ಕಾಲಿನ ಬಲದಿಂದ ಏರಲು ಹೊರಡುತ್ತಾನೆ. ಹಳ್ಳಿಗಾಡನ್ನು ನೋಡಿ ಬರುವುದಾಗಿ ಮನೆಯಲ್ಲಿ ಹೇಳಿ ಹೊರಟಿರುತ್ತಾನಾದರೂ, ಆತನ ನಡವಳಿಕೆಯನ್ನು ಪರಿಶೀಲಿಸಿದವರಿಗೆ, ಹಳ್ಳಿಗಾಡು ತನ್ನನ್ನು ನೋಡಿತೆಂಬುದಕ್ಕೆ ಪುರಾವೆ ಸಂಗ್ರಹಿಸುವುದೇ ಪ್ರಯಾಣದ ಮುಖ್ಯ ಉದ್ದೇಶವೆಂದು ತಿಳಿಯಲು ತಡವಾಗುವುದಿಲ್ಲ.

ಆತನ ವಾಹನದ ವರ್ಣನೆ ಇಲ್ಲಿ ಅಗತ್ಯ. ಕಾರ್ಬನ್ ನಾರಿನಿಂದ ಮಾಡಿದ, ಎಂಟು ಕಿಲೋ ಆಸುಪಾಸಿನ ಈ ಸೈಕಲ್ಲಿಗೆ ಸ್ಟ್ಯಾಂಡ್, ಕ್ಯಾರಿಯರ್, ಮಡ್‌ಗಾರ್ಡ್, ಚೈನ್ ಕವರ್ ಯಾವುದೂ ಇರುವುದಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವನ ಸೈಕಲ್ಲಿನಲ್ಲಿ ಏನೇನು ಉಪಯೋಗಕ್ಕೆ ಬರುತ್ತದೆಯೋ ಅದನ್ನೆಲ್ಲ ಕಳಚಿಹಾಕಿದ್ದಕ್ಕಾಗಿಯೇ ಲಕ್ಷಗಟ್ಟಲೆ ಬೆಲೆ ತೆರಲಾಗಿದೆ. ಪಾದರಕ್ಷೆಯ ತಳದಲ್ಲಿರುವ ಕ್ಲೀಟ್ ಎಂಬ ಗಟ್ಟಿ ಅಚ್ಚು ಪೆಡಲಿಗೆ ಕಚ್ಚಿಕೊಂಡು ಕಾಲನ್ನು ಸೈಕಲ್ಲಿಗೇ ಬಿಗಿದುಬಿಡುತ್ತದೆ, ಮತ್ತು ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕಾಗುತ್ತದೆ. ಎಮ್ಮೆ ಅಡ್ಡ ಬಂದ ಹೊತ್ತೊಂದನ್ನು ಬಿಟ್ಟು ಉಳಿದೆಲ್ಲ ಸಂದರ್ಭಗಳಲ್ಲಿ ಈ ವಿದ್ಯೆ ಆತನಿಗೆ ನೆನಪಿರುತ್ತದೆ. ಅಂಥ ಹೊತ್ತಿನಲ್ಲಿ ಆತ ಪೂರ್ತಿ ನಿಂತ ಸೈಕಲ್ಲಿನ ಸಮೇತ, ಯಾವ ಆತುರವೂ ಇಲ್ಲದೆ ಪಕ್ಕಕ್ಕೆ ವಾಲಿ ಬೀಳುತ್ತಾನೆ. ಬಿದ್ದವನು ಮೊದಲು ತಡವಿ ನೋಡುವುದು ಗೇರು ಬದಲಿಸುವ ಡಿರೇಲರನ್ನು, ಮೊಣಕಾಲಿನ ಸರದಿ ಆಮೇಲೆ.

ಸೈಕಲ್ಲಿನ ಬೆಲೆಯ ವಿಷಯದಲ್ಲಿ ಮೂರು ಪಾಠಾಂತರಗಳು ಪ್ರಚಲಿತವಾಗಿವೆ: ಸಹಸವಾರರಿಗೆ ಹೇಳುವುದು ನಿಜವಾದದ್ದು, ಹೆಂಡತಿಗೆ ಹೇಳುವುದು ಅದರ ಅರ್ಧ, ಚಹಾ ಅಂಗಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ಹೇಳುವುದು ಅದರ ಹತ್ತನೆಯ ಒಂದು ಪಾಲು. ಆ ಹತ್ತನೆಯ ಪಾಲೇ ಹಿರಿಯರನ್ನು ದಂಗುಬಡಿಸಲು ಸಾಕಾಗುತ್ತದೆ. ಸೈಕಲ್ಲನ್ನು ಒಂದು ಸುತ್ತು ಬಂದು, ಗೋಡೆಗೆ ಒರಗಿಸಿರುವುದನ್ನು ಕಂಡು, ‘ಅಷ್ಟು ದುಡ್ಡು ಈಸ್ಕಂಡು ಒಂದು ಸ್ಟ್ಯಾಂಡೂ ಹಾಕ್ಕೊಡ್ಲಿಲ್ವೇನಪ್ಪಾ?’ ಎಂದು ಅವರು ಕೇಳುವ ಪ್ರಶ್ನೆಗೆ ಈ ವರ್ಗದಿಂದ ಇನ್ನೂ ತೃಪ್ತಿಕರವಾದ ಉತ್ತರ ಬಂದಿಲ್ಲ.

ಸುಗ್ಗಿಯ ಕಾಲದಲ್ಲಿ ಸೈಕಲ್ಲಿನ ಹಗುರತನವೇ ಇನ್ನೊಂದು ಜಟಿಲ ಪ್ರಶ್ನೆಯಾಗುತ್ತದೆ. ಕಣ ಮಾಡುವ ಶ್ರಮ ಉಳಿಸಲು ಈ ಭಾಗದ ರೈತರು ರಾಗಿ ತೆನೆಯನ್ನೂ ಹುರುಳಿ ಗಿಡವನ್ನೂ ಡಾಂಬರು ರಸ್ತೆಯ ಮೇಲೆಯೇ ಹರಡುವುದುಂಟು. ಇದು ಕಾನೂನಿಗೂ ದ್ವಿಚಕ್ರ ಸವಾರರ ಕ್ಷೇಮಕ್ಕೂ ವಿರುದ್ಧವಾದ, ಆದರೆ ಬಿಡಿಸಲಾಗದ ರೂಢಿ. ಹಾಯ್ದುಹೋಗುವ ಲಾರಿ, ಬಸ್ಸುಗಳ ಗಾಲಿಗೆ ಸಿಕ್ಕಿ ಕಾಳು ಉದುರುತ್ತದೆಯಾದ್ದರಿಂದ ಅವುಗಳಿಗೆ ಇಲ್ಲಿ ಸ್ವಾಗತವಿದೆ. ಇಪ್ಪತ್ತೆಂಟು ಮಿಲಿಮೀಟರ್ ಅಗಲದ ಟಯರಿನ ಸೈಕಲ್ ಬಂದರೆ ಮಾತ್ರ, ಒಂದು ಕಾಳೂ ಉದುರದೆ, ಹುರುಳಿಯ ಬಳ್ಳಿ ಚೈನಿಗೆ ಸುತ್ತಿಕೊಂಡು, ಅದನ್ನು ಬಿಡಿಸಿಕೊಡುವ ಕೆಲಸವೂ ರೈತನಿಗೇ ಬೀಳುತ್ತದೆ. ಇನ್ನೂರು ಗ್ರಾಂ ಇಳಿಸಲು ಹತ್ತು ಸಾವಿರ ರೂಪಾಯಿ ಸುರಿದವನ ಎದುರು ನಿಂತು ಭಾರವೇ ಇಲ್ಲದ ಗಾಡಿಯಿಂದ ಏನು ಪ್ರಯೋಜನವೆಂದು ಯೋಚಿಸುವ ಆ ರೈತನ ಅರ್ಥಶಾಸ್ತ್ರದಲ್ಲಿ ದೋಷ ಹುಡುಕುವುದು ಕಷ್ಟ.

ಹ್ಯಾಂಡಲ್ಲಿಗೆ ಕಟ್ಟಿದ ಅಂಗೈಯಗಲದ ಗಣಕಯಂತ್ರದ ಮೇಲೆ ಆತನ ಕಣ್ಣು ಸದಾ ನೆಟ್ಟಿರುತ್ತದೆ. ನೂರು ಮೀಟರ್ ಮುಂದೆ ಸಾಗುವಷ್ಟರಲ್ಲಿ ಎಂಟು ಮೀಟರ್ ಮೇಲೇರಿದರೆ ಅದು ಶೇಕಡಾ 8ರ ಏರು. ನಿಮಿಷಕ್ಕೆ ಪೆಡಲು ಸುತ್ತುವ ಸಂಖ್ಯೆಗೆ ಕೇಡೆನ್ಸ್ ಎಂದು ಹೆಸರು. ಪ್ರತಿ ತಿರುವಿನ ಏರನ್ನೂ ಅಲ್ಲಿನ ತನ್ನ ಎದೆಬಡಿತವನ್ನೂ ಕಂಠಪಾಠವಾಗಿ ಒಪ್ಪಿಸಬಲ್ಲ ಈತನಿಗೆ, ಬಲಬದಿಯ ಹೊಲದಲ್ಲಿ ಇದ್ದದ್ದು ಹಿಪ್ಪುನೇರಳೆಯೋ ಆಲೂಗಡ್ಡೆಯೋ ಎಂದು ಕೇಳಿದರೆ ಗೊತ್ತಿರುವುದಿಲ್ಲ. ಆ ಅಂಕಿಗಳೆಲ್ಲ ಹೋಗಿ ಸೇರುವುದು 2009ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸ್ಟ್ರಾವಾ ಎಂಬ ದಾಖಲೆ ವ್ಯವಸ್ಥೆಗೆ. ಅದು ರಸ್ತೆಯನ್ನು ತುಂಡುತುಂಡಾಗಿ ವಿಂಗಡಿಸಿ, ಏರಿನ ತುಂಡನ್ನು ಎಲ್ಲರಿಗಿಂತ ಬೇಗ ಹತ್ತಿದವನಿಗೆ ಬೆಟ್ಟದ ರಾಜನೆಂಬ ಬಿರುದನ್ನು ಕೊಡುತ್ತದೆ. 1791ರಲ್ಲಿ ನಂದಿದುರ್ಗವನ್ನು ಟಿಪ್ಪುವಿನ ಸೈನ್ಯದ ಕೈಯಿಂದ ಕಿತ್ತುಕೊಳ್ಳಲು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಪಡೆಗೆ ಸುಮಾರು ಮೂರು ವಾರ ಹಿಡಿಯಿತು. ಈಗ ಬೆಟ್ಟದ ರಾಜತ್ವ ಭಾನುವಾರದ ಬೆಳಗಿನೊಳಗೆ ಎರಡು ಬಾರಿ ಕೈ ಬದಲಾಯಿಸಿದರೂ ಆಶ್ಚರ್ಯವಿಲ್ಲ, ಮತ್ತು ಪದಚ್ಯುತನಾದವನಿಗೆ ಸುದ್ದಿ ಫೋನಿಗೇ ಬರುತ್ತದೆ.

ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ, ಒಂಬತ್ತನೆಯ ಶತಮಾನದಷ್ಟು ಹಳೆಯ ಭೋಗನಂದೀಶ್ವರ ದೇವಾಲಯದ ಮುಂದೆ ಆತ ತಪ್ಪದೆ ನಿಲ್ಲುತ್ತಾನೆ. ಉತ್ಸವಮೂರ್ತಿಯ ಮುಖ ಭಕ್ತರ ಕಡೆಗೇ ಇರಬೇಕೆಂಬ ಕಟ್ಟಳೆಯಂತೆ, ಸೈಕಲ್ಲಿನ ಚೈನು ಇರುವ ಬಲಮಗ್ಗುಲೇ ಚಿತ್ರದಲ್ಲಿ ಬರಬೇಕೆಂಬ ನಿಯಮ ಈ ಪಂಥದಲ್ಲಿ ಕಟ್ಟುನಿಟ್ಟಾಗಿದೆ. ಅದರಂತೆ ಸೈಕಲ್ಲನ್ನು ಒರಗಿಸಿ ಚಿತ್ರ ತೆಗೆದಾಗ ಗುಡಿಯನ್ನು ಕಟ್ಟಿ ಬೆಳೆಸಿದ ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರೂ ಅದರ ಹಿಂಬದಿಯಲ್ಲಿ ಮಸುಕಾಗಿ ಕಾಣಿಸುತ್ತಾರೆ. ವರ್ಷಗಟ್ಟಲೆ ಹೀಗೆ ಬಂದರೂ ಆತ ಒಳಗೆ ಹೋಗಿ, ಅಮೃತಶಿಲೆಯನ್ನು ನಾಚಿಸುವ ಕಲ್ಯಾಣಮಂಟಪದ ಕಂಬಗಳನ್ನೂ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಕಲ್ಯಾಣಿಯನ್ನೂ ನೋಡಿದವನಲ್ಲ. ಇದಕ್ಕೆ ನಾಸ್ತಿಕತೆ ಕಾರಣವಲ್ಲ. ತೂಕ ಹೆಚ್ಚಾಗುತ್ತದೆಂದು ಬೀಗವನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತಾನೆ. ಕೆಳಗೆ ಭೋಗನಂದೀಶ್ವರ, ಬೆಟ್ಟದ ಮೇಲೆ ಯೋಗನಂದೀಶ್ವರ ಎಂದು ಹಿಂದಿನವರು ಇಟ್ಟ ಕ್ರಮವನ್ನೂ ಈತ ತಿರುಗುಮುರುಗಾಗಿಸಿದ್ದಾನೆ: ಏರುವಷ್ಟು ಹೊತ್ತು ಉಸಿರಿನ ನಿಗ್ರಹ, ಬಾಯಾರಿಕೆಯ ತಪಸ್ಸು, ತುದಿ ಮುಟ್ಟಿದ ಮೇಲೆ ಎರಡು ಮಸಾಲೆ ದೋಸೆ, ಒಂದು ವಡೆ.

ಮರಳುವ ದಾರಿ ಬಹುಪಾಲು ಇಳಿಜಾರಾದ್ದರಿಂದ ಅದರ ಬಗ್ಗೆ ಆತ ಹೆಚ್ಚು ಮಾತನಾಡುವುದಿಲ್ಲ. ಆದರೆ ಅಪಾರ್ಟ್‌ಮೆಂಟಿನ ಗೇಟಿಗೆ ಬಂದು ಯಂತ್ರ ನೋಡಿದಾಗ ಅದು 119.3 ಕಿಲೋಮೀಟರ್ ತೋರಿಸುತ್ತಿದ್ದರೆ ಯಾತ್ರೆ ಇನ್ನೂ ಮುಗಿದಿಲ್ಲವೆಂದೇ ಅರ್ಥ. 120 ಪೂರ್ತಿಯಾಗುವವರೆಗೆ ಆತ ನೆಲಮಾಳಿಗೆಯ ಕಾರುಗಳ ನಡುವೆ ಸುತ್ತು ಹಾಕತೊಡಗುತ್ತಾನೆ. ಮೊದಲ ಸುತ್ತಿಗೆ ಎದ್ದು ಸೆಲ್ಯೂಟ್ ಹೊಡೆದ ವಾಚ್‌ಮನ್, ನಾಲ್ಕನೆಯ ಸುತ್ತಿನ ಹೊತ್ತಿಗೆ ಕುಳಿತಲ್ಲಿಂದಲೇ, ‘ಸಾರ್, ಯಾವ ಫ್ಲ್ಯಾಟ್ ಹುಡುಕ್ತಿದ್ದೀರಾ?’ ಎಂದು ಕೇಳುತ್ತಾನೆ.