ಎತ್ತಿಗುಂಟು, ಎತ್ತು ಮೇಯಿಸುವವನಿಗಿಲ್ಲ

ಮೊಳಕಾಲ್ಮುರು ತಾಲ್ಲೂಕಿಗೆ ಸರ್ಕಾರದಿಂದ ಬಂದ ಮೊದಲ ಆರೋಗ್ಯ ಸುತ್ತೋಲೆ ಕ್ರಿಸ್ತಪೂರ್ವ ಮೂರನೇ ಶತಮಾನದ್ದು. ಸಿದ್ದಾಪುರದ ಹತ್ತಿರ ಬ್ರಹ್ಮಗಿರಿಯ ಬಂಡೆಯ ಮೇಲೆ ಇವತ್ತಿಗೂ ಇದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರ ಪರವಾಗಿ ಇಸಿಲದ ಮಹಾಮಾತ್ರರಿಗೆ ಮೊದಲು ಆರೋಗ್ಯ ಕೋರಿ, ಆಮೇಲೆ ಅಶೋಕನ ಮಾತು ತಿಳಿಸಬೇಕು ಎಂದು ಅದರಲ್ಲಿ ಅಪ್ಪಣೆಯಾಗಿದೆ. ಆರೋಗ್ಯ ಕೋರಿದ್ದು ಅಧಿಕಾರಿಗಳಿಗೆ ಎಂಬುದನ್ನು ದಯವಿಟ್ಟು ಗಮನಿಸಿ. ಜನರ ಪಾಲಿಗೆ ಬಂದದ್ದು ಉಪದೇಶ. ತಂದೆತಾಯಿ ಹೇಳಿದಂತೆ ಕೇಳಿ, ಜೀವಿಗಳಿಗೆ ದಯೆ ತೋರಿ, ಸತ್ಯ ನುಡಿಯಿರಿ, ಶಿಷ್ಯರು ಗುರುಗಳನ್ನು ಗೌರವಿಸಲಿ, ಇದೇ ಹಳೆಯ ಪದ್ಧತಿ, ಇದರಿಂದ ಆಯಸ್ಸು ಹೆಚ್ಚುತ್ತದೆ. ಕಷಾಯವಿಲ್ಲ, ಮಾತ್ರೆಯಿಲ್ಲ, ಬರೀ ಸನ್ನಡತೆಯಿಂದ ದೀರ್ಘಾಯುಷ್ಯ. ಆರೋಗ್ಯ ಇಲಾಖೆಯ ಇವತ್ತಿನ ಗೋಡೆಬರಹ ಓದಿದರೆ ಧೋರಣೆ ಬಹಳ ಬದಲಾಗಿದೆ ಎನ್ನುವಂತಿಲ್ಲ.

ಅದೇ ಬಂಡೆಯ ಕೊನೆಗೆ ಬರೆದವನ ಸಹಿಯಿದೆ: ಚಪಡ, ಲಿಪಿಕಾರ. ದೊರೆಯಲ್ಲ, ಮಹಾಮಾತ್ರನೂ ಅಲ್ಲ, ದೊಡ್ಡವರ ಕೈಕೆಳಗಿನ ನೌಕರ. ಅಂಥವನೊಬ್ಬ ಹೆಸರು, ಹುದ್ದೆ ಎರಡನ್ನೂ ರಾಜಾರೋಷವಾಗಿ ಬರೆದುಕೊಂಡದ್ದು ಈ ಸೀಮೆಯಲ್ಲಿ ಅದೇ ಕೊನೆಯಿರಬೇಕು. ವೈದ್ಯದ ಕೆಲಸದಲ್ಲಂತೂ ದೊಡ್ಡವರ ಕೈಕೆಳಗಿನವನು ಕೆಲಸವನ್ನೆಲ್ಲ ಮಾಡಬಹುದು, ಬೋರ್ಡು ಮಾತ್ರ ಹಾಕುವಂತಿಲ್ಲ.

ಚಳ್ಳಕೆರೆ, ಮೊಳಕಾಲ್ಮುರು ಕಡೆ ಜ್ವರ ಬಂದವನು ಮೊದಲು ಹೋಗುವುದು ಎಲ್ಲಿಗೆ? ಬೋರ್ಡೇ ಇಲ್ಲದ, ಇದ್ದರೂ ಡಿಗ್ರಿಯ ಅಕ್ಷರಗಳು ಅನುಕೂಲಕ್ಕೆ ತಕ್ಕಂತೆ ಮಾಸಿಹೋಗಿರುವ ಒಂದು ಕೋಣೆಗೆ. ಒಳಗಿರುವವರನ್ನು ಊರು ಆರ್‌ಎಂಪಿ ಡಾಕ್ಟ್ರು ಎನ್ನುತ್ತದೆ. ಆರ್ ಎಂದರೆ ರಿಜಿಸ್ಟರ್ಡ್, ಆದರೆ ರಿಜಿಸ್ಟರ್ ಎಲ್ಲಿದೆ ಎಂದು ಕೇಳಿದವರಿಲ್ಲ. ಇವರಲ್ಲಿ ಕೆಲವರು ಪೇಟೆಯ ಡಾಕ್ಟರ ಬಳಿ ಹತ್ತಿಪ್ಪತ್ತು ವರ್ಷ ಕಾಂಪೌಂಡರ್ ಆಗಿದ್ದವರು, ಕೆಲವರು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು ಪಿಂಚಣಿ ಹಿಡಿದು ಬಂದವರು, ಇನ್ನು ಕೆಲವರು ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಓದಿ ಓದಿಯೇ ಪಂಡಿತರಾದವರು. “ಒಂದು ಸೂಜಿ ಮಾಡಿಬಿಡ್ರಿ, ನಾಳೆ ಶೇಂಗಾ ಕೀಳಾದೈತೆ” ಎಂದು ಕೂತವನಿಗೆ ಸೂಜಿ. ಸುಸ್ತು ಎಂದವಳಿಗೆ ಗ್ಲೂಕೋಸ್ ಬಾಟ್ಲಿ. ಮೊಣಕಾಲು ಹಿಡಿದಿದೆ ಎಂದ ಅಜ್ಜನಿಗೆ ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದ ಬಿಳಿ ಮಾತ್ರೆ. ಎಷ್ಟೋ ಸಲ ಅದು ಸ್ಟಿರಾಯ್ಡು. ನೋವು ಮಾಯವಾಗುತ್ತದೆ, ಮುಖ ದುಂಡಗೆ ಊದಿಕೊಳ್ಳುತ್ತದೆ, ಅಜ್ಜ ಮೈಕೈ ತುಂಬಿಕೊಂಡ ಎಂದು ಮನೆಮಂದಿ ಖುಷಿಪಡುತ್ತಾರೆ.

ನಕಲಿ ವೈದ್ಯರ ಮೇಲೆ ದಾಳಿ ಎಂಬ ಸುದ್ದಿ ಆಗಾಗ ಬರುತ್ತದೆ. ಬೀಗ, ಮೊಹರು, ಪತ್ರಿಕೆಗೆ ಫೋಟೊ. ಜೀಪು ಹೈವೇ ಹತ್ತುವ ಮೊದಲೇ ಹಿತ್ತಲ ಬಾಗಿಲು ತೆರೆದಿರುತ್ತದೆ, ಏಕೆಂದರೆ ಹೊರಗೆ ಕೂತ ಹನ್ನೆರಡು ಜನರಿಗೆ ಜ್ವರ ಇಳಿದಿರುವುದಿಲ್ಲ. ಜ್ವರ ಬಂದವರನ್ನು ಎಲ್ಲಿಗೆ ಕಳಿಸಬೇಕು ಎಂಬ ಸಾಲು ದಾಳಿಯ ಆದೇಶದಲ್ಲಿ ಇರುವುದಿಲ್ಲ.

ಇಂಥ ಒಬ್ಬ ಕಾಂಪೌಂಡರ್ ಅಮೆರಿಕದಲ್ಲೂ ಇದ್ದ. ನಾರ್ತ್ ಕೆರೊಲಿನಾದ ಗಾರ್ಲೆಂಡ್ ಎಂಬ ಸಣ್ಣ ಊರಿನಲ್ಲಿ ಏಮಸ್ ಜಾನ್ಸನ್ ಎಂಬ ಡಾಕ್ಟರು, ಅವರ ಕೈಕೆಳಗೆ ಹೆನ್ರಿ ಟ್ರೆಡ್‌ವೆಲ್ ಎಂಬ ಕಪ್ಪು ಜನಾಂಗದ ಸಹಾಯಕ. 1940ರ ಸುಮಾರಿನಿಂದ ಡಾಕ್ಟರೇ ಕೈಹಿಡಿದು ಕಲಿಸಿದರು. ಡಿಗ್ರಿಯಿಲ್ಲ, ಗ್ರಹಿಕೆ ಬೆಟ್ಟದಷ್ಟು. ಜಾನ್ಸನ್ ವೈದ್ಯರ ಸಂಘಟನೆಗಳಲ್ಲಿ ದೊಡ್ಡ ಹೆಸರು, ಸಭೆಗಳಿಗೆ ದೂರದೂರ ಹೋಗುತ್ತಿದ್ದರು. ಅವರು ಊರಲ್ಲಿಲ್ಲದಾಗ ಕ್ಲಿನಿಕ್ಕನ್ನು ನೋಡಿಕೊಳ್ಳುತ್ತಿದ್ದದ್ದು ಟ್ರೆಡ್‌ವೆಲ್. ನಮ್ಮಲ್ಲಾಗಿದ್ದರೆ ಜೀಪು ಬರುತ್ತಿತ್ತು. ಅಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಯೂಜಿನ್ ಸ್ಟೆಡ್ ಎಂಬ ಪ್ರಾಧ್ಯಾಪಕರಿಗೆ ಸುದ್ದಿ ಮುಟ್ಟಿತು. ಆ ಮನುಷ್ಯ ದಾಳಿ ಮಾಡುವುದು ಬಿಟ್ಟು, ಇಂಥವರನ್ನು ಇನ್ನೂ ನೂರು ಜನ ತಯಾರು ಮಾಡುವುದು ಹೇಗೆ ಎಂದು ಯೋಚಿಸಿದರು. ಪ್ರಾಧ್ಯಾಪಕರು ಹೀಗೆ ಯೋಚಿಸಿದರೆ ಏನಾಗುತ್ತದೆ ಎಂಬುದು ಮುಂದಿನ ಕತೆ.

ಸ್ಟೆಡ್ ಮೊದಲು ಥೆಲ್ಮಾ ಇಂಗಲ್ಸ್ ಎಂಬ ಅನುಭವಿ ನರ್ಸ್ ಜೊತೆ ಸೇರಿ ನರ್ಸುಗಳಿಗೇ ಮೇಲ್ಮಟ್ಟದ ತರಬೇತಿ ಕೊಡಲು ಹೊರಟಿದ್ದರು. ನರ್ಸಿಂಗ್ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಸಂಸ್ಥೆ ಒಪ್ಪಲಿಲ್ಲ. ಆಗ ಅವರ ಕಣ್ಣಿಗೆ ಬಿದ್ದವರು ನೌಕಾಪಡೆಯಲ್ಲಿ ವೈದ್ಯ ಸಹಾಯಕರಾಗಿದ್ದು ಊರಿಗೆ ಮರಳಿದವರು. ಹಡಗಿನಲ್ಲಿ ಗಾಯ ಹೊಲಿದಿದ್ದರು, ಊರಲ್ಲಿ ಆ ಕೈಗೆ ಕೆಲಸವಿರಲಿಲ್ಲ. 1965ರಲ್ಲಿ ನಾಲ್ವರನ್ನು ಸೇರಿಸಿಕೊಂಡು ಎರಡು ವರ್ಷದ ಕೋರ್ಸು ಶುರುವಾಯಿತು. 1967ರ ಅಕ್ಟೋಬರ್ 6ರಂದು ಮೂವರು ಪಾಸಾಗಿ ಹೊರಬಂದರು. ಜಗತ್ತಿನ ಮೊದಲ ಫಿಸಿಷಿಯನ್ ಅಸಿಸ್ಟೆಂಟುಗಳು ಇವರೇ. 1973ಕ್ಕೆ ರಾಷ್ಟ್ರಮಟ್ಟದ ಪರೀಕ್ಷೆಯೂ ಬಂತು. ಮಾದರಿಯಾದ ಟ್ರೆಡ್‌ವೆಲ್ ಆ ಮೊದಲ ತಂಡದಲ್ಲಿ ಇರಲಿಲ್ಲ. ಕೆಲಸ ಕಲಿತವನೊಬ್ಬ, ಸರ್ಟಿಫಿಕೇಟು ಪಡೆದವನು ಇನ್ನೊಬ್ಬ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಅಮೆರಿಕದ ಇತಿಹಾಸ ಓದಬೇಕಾಗಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಡಾಕ್ಟರಲ್ಲದವರಿಗೂ ತರಬೇತಿ ಕೊಟ್ಟು ಡಾಕ್ಟರ ಕೆಲಸದಲ್ಲಿ ಪಾಲು ಕೊಡಿ ಎಂದು ಚಾರ್ಲ್ಸ್ ಹಡ್ಸನ್ 1961ರಲ್ಲಿ ಬರೆದದ್ದು ಅಲ್ಲಿನ ವೈದ್ಯರ ಸಂಘದ ಪತ್ರಿಕೆಯಲ್ಲೇ. ನಮ್ಮ ವೈದ್ಯರ ಸಂಘದ ಪತ್ರಿಕೆಯಲ್ಲಿ ಅಂಥದ್ದನ್ನು ಬರೆಯುವ ಧೈರ್ಯಸ್ಥರು ಪೂರ್ಣ ಪಿಂಚಣಿ ಪಡೆದ ಮೇಲೆ ಬರೆಯುವುದು ಲೇಸು.

ಹಾಗೆಂದು ಇದು ಅಮೆರಿಕದವರು ಕಂಡುಹಿಡಿದ ಅದ್ಭುತವಲ್ಲ. ಸೇನೆಯ ಸರ್ಜನ್‌ಗಳಿಗೆ ಸಹಾಯಕರನ್ನು ತಯಾರಿಸಲು ಕಲ್ಕತ್ತೆಯಲ್ಲಿ 1822ರಲ್ಲೇ ಶಾಲೆ ತೆರೆದಿತ್ತು, 1835ರಲ್ಲಿ ಬೆಂಟಿಂಕ್ ಸಾಹೇಬರು ಮುಚ್ಚಿಸಿದರು. ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬಿದ್ದಿರಲಿಲ್ಲ. 1917ರಲ್ಲಿ ಬೆಂಗಳೂರಿನ ವೈದ್ಯಶಾಲೆಯಲ್ಲಿ ಎಲ್‌ಎಂಪಿ ಕೋರ್ಸು ಶುರುವಾಯಿತು. ಎಂಬಿಬಿಎಸ್‌ಗಿಂತ ಕಡಿಮೆ ಅವಧಿ, ಕಡಿಮೆ ಸಂಬಳ, ಹಳ್ಳಿಗಾಡಿನ ಡಿಸ್ಪೆನ್ಸರಿ. 1924ರಲ್ಲಿ ಮೆಡಿಕಲ್ ಕಾಲೇಜು ಆಯಿತು, 1930ರಲ್ಲಿ ಅದು ಮೈಸೂರಿಗೆ ಹೋಯಿತು.

1946ರಲ್ಲಿ, ದೇಶದ ಆರೋಗ್ಯ ಸ್ಥಿತಿ ಪರಿಶೀಲಿಸಲು ನೇಮಿಸಿದ್ದ ಭೋರ್ ಸಮಿತಿ ಲೆಕ್ಕ ಹಾಕಿದಾಗ ದೇಶದಲ್ಲಿ ಇದ್ದ ನೋಂದಾಯಿತ ಡಾಕ್ಟರು 47,524. ಅವರಲ್ಲಿ 29,870 ಮಂದಿ ಈ ಎಲ್‌ಎಂಪಿ ಬಗೆಯವರು, ಅಂದರೆ ಹತ್ತರಲ್ಲಿ ಆರಕ್ಕಿಂತ ಹೆಚ್ಚು. ಇನ್ನು ಮುಂದೆ ಒಂದೇ ದರ್ಜೆಯ ಡಾಕ್ಟರಿರಬೇಕು, ಉಳಿದ ದರ್ಜೆಯ ಬಾಗಿಲು ಮುಚ್ಚಿ ಎಂದು ಬಹುಮತದ ಸದಸ್ಯರು ಬರೆದರು. ಕೆಲವರು ಬೇಡ ಎಂದು ಭಿನ್ನಮತವನ್ನೂ ಬರೆದಿಟ್ಟರು. ಬಹುಮತದ ಉದ್ದೇಶ ಬಲು ದೊಡ್ಡದು: ಬೆಂಗಳೂರಿನವನಿಗೆ ಸಿಗುವ ಡಾಕ್ಟರೇ ನಮ್ಮ ಪರಶುರಾಂಪುರದ ಹಳ್ಳಿಯವನಿಗೂ ಸಿಗಬೇಕು, ಹಳ್ಳಿಯವನಿಗೆ ಅರ್ಧ ಡಾಕ್ಟರನ್ನು ಕೊಡುವುದು ಅವಮಾನ. ಆ ಅವಮಾನವನ್ನು ತಪ್ಪಿಸಿದ್ದೇನೋ ನಿಜ. ಅರ್ಧ ಡಾಕ್ಟರು ಹೋದರು, ಪೂರ್ತಿ ಡಾಕ್ಟರು ಬೆಂಗಳೂರಿನಲ್ಲೇ ಉಳಿದರು, ನಡುವೆ ಖಾಲಿಯಾದ ಕುರ್ಚಿಗೆ ಕಾಂಪೌಂಡರು ಬಂದು ಕೂತರು. ಪರಶುರಾಂಪುರದವನ ಘನತೆ ಸುರಕ್ಷಿತವಾಗಿದೆ, ಕೈಯಲ್ಲಿ ಬಿಳಿ ಮಾತ್ರೆಯ ಪೊಟ್ಟಣವಿದೆ.

ನಡುನಡುವೆ ಸರ್ಕಾರಕ್ಕೆ ಜ್ಞಾನೋದಯವಾಗುತ್ತದೆ. 1977ರ ಗಾಂಧಿ ಜಯಂತಿಯಂದು ಕೇಂದ್ರ ಸರ್ಕಾರ ಹಳ್ಳಿಗೊಬ್ಬ ಆರೋಗ್ಯ ಕಾರ್ಯಕರ್ತನನ್ನು ಕೊಡುವ ಯೋಜನೆ ತಂದಿತು. ಮೂರು ತಿಂಗಳ ತರಬೇತಿ, ತಿಂಗಳಿಗೆ 50 ರೂಪಾಯಿ ಗೌರವಧನ, ಒಂದು ಡಬ್ಬ ಔಷಧ. ಕರ್ನಾಟಕ ಸೇರಿ ಕೆಲವು ರಾಜ್ಯಗಳನ್ನು ಮಾತ್ರ ಕೈಬಿಟ್ಟರು. ಅಲ್ಲಿ ಬದಲಿ ವ್ಯವಸ್ಥೆ ಇದೆ ಎಂಬುದು ಕಾರಣ. ಆ ಬದಲಿ ವ್ಯವಸ್ಥೆಯನ್ನು ಕಂಡವರು ಯಾರಾದರೂ ನಮ್ಮ ದೇವಸಮುದ್ರ ಹೋಬಳಿಯಲ್ಲಿದ್ದರೆ ದಯವಿಟ್ಟು ಮುಂದೆ ಬರಬೇಕು.

ಆಳಿಲ್ಲದೆ ಕೆಲಸ ನಡೆಸುವುದರಲ್ಲಿ ನಮ್ಮ ಸೀಮೆ ಎಂದಿಗೂ ಹಿಂದೆ ಬಿದ್ದದ್ದಲ್ಲ. 2023ರ ಏಪ್ರಿಲ್ 2ರಂದು ಚಳ್ಳಕೆರೆಯ ಏರೋನಾಟಿಕಲ್ ಟೆಸ್ಟ್ ರೇಂಜಿನಲ್ಲಿ ಇಸ್ರೋದವರು ರೆಕ್ಕೆಯ ರಾಕೆಟ್ಟೊಂದನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೊಯ್ದು ಬಿಟ್ಟರು. ಪೈಲಟ್ ಇಲ್ಲದೆ ಅದು ತಾನೇ ದಾರಿ ಹುಡುಕಿ ರನ್‌ವೇಗೆ ಇಳಿಯಿತು. ದೇಶವೆಲ್ಲ ಚಪ್ಪಾಳೆ ತಟ್ಟಿತು. ಡಾಕ್ಟರಿಲ್ಲದೆ ಆಸ್ಪತ್ರೆ ನಡೆಸುವ ತಂತ್ರಜ್ಞಾನ ನಮಗೆ ಅದಕ್ಕೂ ಎಷ್ಟೋ ದಶಕ ಮೊದಲೇ ಸಿದ್ಧಿಸಿತ್ತು. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಈಗ ಅಸಲು ವಿಷಯಕ್ಕೆ ಬರೋಣ. ಚಳ್ಳಕೆರೆ, ಮೊಳಕಾಲ್ಮುರು ಎಂದರೆ ಮ್ಯಾಸಬೇಡರ ದೇವರ ಎತ್ತುಗಳ ನಾಡು, ಅಮೃತ್ ಮಹಲ್ ಕಾವಲಿನ ನಾಡು. ಇಲ್ಲಿನ ಎತ್ತಿಗೆ ಕಾಲು ಗಾಯವಾದರೆ ಏನಾಗುತ್ತದೆ? ವೆಟರ್ನರಿ ಇನ್‌ಸ್ಪೆಕ್ಟರ್ ಬೈಕಿನಲ್ಲಿ ಬರುತ್ತಾರೆ, ಗಾಯ ತೊಳೆದು ಪಟ್ಟಿ ಕಟ್ಟುತ್ತಾರೆ. ಅವರು ಪಶುವೈದ್ಯರಲ್ಲ, ಸಹಾಯಕರು. ಆದರೆ ಯಾವ ಜೀಪಿಗೂ ಹೆದರಬೇಕಾಗಿಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಕಲಮು, ಡಿಪ್ಲೊಮಾ ಅಥವಾ ಸರ್ಟಿಫಿಕೇಟು ಇರುವ ಸಹಾಯಕರು ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮುಂತಾದ ಸಣ್ಣಪುಟ್ಟ ಚಿಕಿತ್ಸೆ ಮಾಡಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದು ಎನ್ನುತ್ತದೆ. ತರಬೇತಿ, ಮಿತಿ, ಮೇಲ್ವಿಚಾರಣೆ. ಸ್ಟೆಡ್ ಸಾಹೇಬರು ಡ್ಯೂಕ್‌ನಲ್ಲಿ ಮಾಡಿದ್ದೂ ಈ ಮೂರನ್ನೇ. ನಮ್ಮ ಎತ್ತಿಗೆ ಕಾಯ್ದೆಬದ್ಧ ಸಹಾಯಕ ವೈದ್ಯನುಂಟು. ಎತ್ತು ಮೇಯಿಸುವ ಮುದುಕನಿಗೆ ಹಿತ್ತಲ ಬಾಗಿಲು.

ಮನುಷ್ಯರಿಗೂ ಅಂಥದ್ದೊಂದು ಕಲಮು ಬಂತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮಿನಲ್ಲಿ ‘ಸಮುದಾಯ ಆರೋಗ್ಯ ಸೇವಾದಾರ’ರಿಗೆ ಸೀಮಿತ ಪರವಾನಗಿ ಕೊಡುವ ಮಾತಿದೆ. ಪ್ರಾಥಮಿಕ ಚಿಕಿತ್ಸೆಯಲ್ಲಿ ನಿಗದಿತ ಔಷಧಗಳನ್ನು ತಾವೇ ಬರೆಯಬಹುದು, ಉಳಿದಂತೆ ಡಾಕ್ಟರ ಮೇಲ್ವಿಚಾರಣೆ ಬೇಕು, ಸಂಖ್ಯೆ ನೋಂದಾಯಿತ ಡಾಕ್ಟರ ಮೂರನೇ ಒಂದು ಭಾಗ ಮೀರಬಾರದು. ಮಸೂದೆ ಸಂಸತ್ತಿನಲ್ಲಿದ್ದಾಗಲೇ, ಜುಲೈ 31ರಂದು, ವೈದ್ಯರ ಸಂಘ ದೇಶವ್ಯಾಪಿ ಮುಷ್ಕರ ಹೂಡಿತು. ಇದು ನಕಲಿ ವೈದ್ಯರಿಗೆ ಪರವಾನಗಿ ಕೊಟ್ಟಂತೆ ಎಂಬುದು ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾರೆ. ಕಲಮನ್ನು ಎಷ್ಟು ಸಡಿಲವಾಗಿ ಬರೆದಿದ್ದಾರೆಂದರೆ ಅದರೊಳಗೆ ಯಾರು ಬೇಕಾದರೂ ನುಗ್ಗಬಹುದು. ಆದರೆ ಬಿಗಿಮಾಡಿ ಎಂದು ಯಾರೂ ಕೇಳಲಿಲ್ಲ, ಕಿತ್ತುಹಾಕಿ ಎಂದರು. ಹಳ್ಳಿಗೆ ಬರಲೊಪ್ಪದವರು ಹಳ್ಳಿಗೆ ಬೇರೆಯವರು ಹೋಗಬಾರದೆಂದು ಒಂದು ದಿನದ ಕೆಲಸ ಬಿಟ್ಟರು. ಆ ಒಂದು ದಿನದ ಮುಷ್ಕರ ನಮ್ಮ ಕಡೆಯ ಎಷ್ಟೋ ಊರುಗಳಿಗೆ ತಿಳಿಯಲೂ ಇಲ್ಲ, ಏಕೆಂದರೆ ಅಲ್ಲಿ ಉಳಿದ 364 ದಿನವೂ ಹಾಗೇ.

ಅದೇ ವರ್ಷದ ಆಗಸ್ಟಿನಲ್ಲಿ ಕರ್ನಾಟಕಕ್ಕೆ ಹೊಸ ಆರೋಗ್ಯ ಸಚಿವರು ಬಂದರು: ಬಿ. ಶ್ರೀರಾಮುಲು. 2018ರ ಚುನಾವಣೆಯಲ್ಲಿ ಗೆದ್ದ ಕ್ಷೇತ್ರ ಮೊಳಕಾಲ್ಮುರು. ಕಲಮು ದೆಹಲಿಯಲ್ಲಿ ಸಿದ್ಧವಾಗಿತ್ತು, ಆರೋಗ್ಯ ಖಾತೆ ಬ್ರಹ್ಮಗಿರಿಯ ತಪ್ಪಲಿನ ಶಾಸಕರ ಕೈಯಲ್ಲಿತ್ತು. ಇಂಥ ಯೋಗ ಅಶೋಕನ ಕಾಲದಿಂದ ಕೂಡಿಬಂದಿರಲಿಲ್ಲ. ಮುಂದಿನ ವರ್ಷ ಅಕ್ಟೋಬರಿನಲ್ಲಿ ಖಾತೆ ಬದಲಾಯಿತು. ಕಲಮು ಪುಸ್ತಕದಲ್ಲಿದೆ.

ಫಿಸಿಷಿಯನ್ ಅಸಿಸ್ಟೆಂಟುಗಳು ಭಾರತಕ್ಕೆ ಬರಲೇ ಇಲ್ಲವೆ? ಬಂದರು. 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್ನಿನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಕೆ.ಎಂ. ಚೆರಿಯನ್ ಮೊದಲ ಕೋರ್ಸು ಶುರು ಮಾಡಿದರು. ಡಾಕ್ಟರಿಲ್ಲದ ಊರಿಗೆಂದು ಅಲ್ಲಿ ಹುಟ್ಟಿದ ವೃತ್ತಿ ಇಲ್ಲಿ ಡಾಕ್ಟರು ಗಿಜಿಗುಡುವ ನಗರದ ಹೃದಯ ಆಪರೇಷನ್ ಥಿಯೇಟರಿನ ಎ.ಸಿ.ಯಲ್ಲಿ ನೆಲೆಸಿತು. 2021ರ ಅಲೈಡ್ ಹೆಲ್ತ್ ಕಾಯ್ದೆಯ ಪಟ್ಟಿಯಲ್ಲಿ ಹೆಸರೂ ಸೇರಿತು, ಸಂತೋಷ. ನಮ್ಮ ಪಾಲಿಗೆ ಬಂದವರು ಸಿಎಚ್‌ಒಗಳು, ಅಂದರೆ ಸಮುದಾಯ ಆರೋಗ್ಯ ಅಧಿಕಾರಿಗಳು: ನರ್ಸಿಂಗ್ ಓದಿ, ಮೇಲೊಂದು ತರಬೇತಿ ಮುಗಿಸಿ, ಉಪಕೇಂದ್ರದಲ್ಲಿ ಬಿಪಿ, ಶುಗರ್ ನೋಡುವ ಹುಡುಗಿಯರು. ಸ್ಟೆಡ್ ಮತ್ತು ಇಂಗಲ್ಸ್ ಮೊದಲು ಮಾಡಹೊರಟು ಸೋತದ್ದು ಇದನ್ನೇ, ಆದ್ದರಿಂದ ನಾವು ಹೆಮ್ಮೆಪಡಬೇಕು. ಹುದ್ದೆಯ ಹೆಸರಲ್ಲಿ ಅಧಿಕಾರಿ ಎಂದಿದೆ, ಕೆಲಸ ಗುತ್ತಿಗೆಯದು. 2018ರಲ್ಲಿ ಅವರ ಕೇಂದ್ರಕ್ಕೆ ಒಂದು ಹೆಸರಿಟ್ಟರು, 2023ರಲ್ಲಿ ಬದಲಿಸಿ ಆರೋಗ್ಯ ಮಂದಿರ ಮಾಡಿದರು. ಬೋರ್ಡು ಬರೆಯುವವನಿಗೆ ಎರಡು ಸಲ ಕೂಲಿ ಸಿಕ್ಕಿತು.

ಮತ ಕೇಳಲು ಬರುವವರು ಹೇಗೂ ಬರುತ್ತಾರೆ. ರಸ್ತೆ, ನೀರು ಕೇಳಿದ ಮೇಲೆ ಒಂದು ನಿಮಿಷ ಉಳಿಸಿಕೊಂಡು 32ನೇ ಕಲಮು ಏನಾಯಿತು ಎಂದು ಕೇಳಿ. ಯಾವ ಪರೀಕ್ಷೆ, ಯಾವ ಔಷಧ, ಯಾವ ಡಾಕ್ಟರ ಮೇಲ್ವಿಚಾರಣೆ, ಬರೆದುಕೊಡಿ ಎನ್ನಿ. ಗೊತ್ತಿಲ್ಲ ಎಂದರೆ ಬಯ್ಯಬೇಡಿ. 1984ರ ಪಶುವೈದ್ಯ ಕಾಯ್ದೆಯ 30ನೇ ಕಲಮಿನ ಜೆರಾಕ್ಸ್ ಒಂದನ್ನು ಕೈಗಿಡಿ. ಜಾನುವಾರು ಎಂದಿರುವಲ್ಲಿ ಮತದಾರ ಎಂದು ತಿದ್ದಿದರೆ ಸಾಕು, ಹೊಸದಾಗಿ ಬರೆಯುವ ಶ್ರಮ ಅವರಿಗಿಲ್ಲ.